ಟವರ್ ಸಾಹೇಬರು

ಯಾರ ಮನೆಗೆ ಹೋದರೂ ಅವರು ಚಪ್ಪಲಿ ಬಿಡುವ ಮೊದಲು ಜೇಬಿನಿಂದ ಫೋನು ತೆಗೆದು, ಕೈ ಮೇಲೆತ್ತಿ, ಅಂಗಳದಲ್ಲೇ ಒಂದು ಸುತ್ತು ತಿರುಗುತ್ತಿದ್ದರು. ಆಮೇಲೆ "ಹಿತ್ಲ ಬಾಗ್ಲಲ್ಲಿ ನಿಂತ್ರೆ ನಿಮ್ಗೆ ಒಳ್ಳೆ ಸಿಗ್ನಲ್ ಉಂಟು" ಎಂದು ಮನೆಯವರಿಗೇ ಅವರ ಮನೆಯ ವಿಷಯ ತಿಳಿಸಿ ಒಳಗೆ ಬರುತ್ತಿದ್ದರು. ಮದುವೆ ಮನೆ, ಸಾವಿನ ಮನೆ ಎಂಬ ಭೇದವಿರಲಿಲ್ಲ. ಒಮ್ಮೆ ಶೃಂಗೇರಿಯಲ್ಲಿ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ತಾಯಿ ತೀರಿಕೊಂಡಾಗ ಹೀಗೆ ಕೈ ಎತ್ತಿ ನಿಂತವರನ್ನು ಕಂಡು, ದೂರದಿಂದ ಬಂದ ನೆಂಟರೊಬ್ಬರು ಹೆಣದ ಫೋಟೋ ತೆಗೆಯುತ್ತಿದ್ದಾರೆಂದು ಸಿಟ್ಟಾಗಿದ್ದರು. ಅವರನ್ನು ಸಮಾಧಾನ ಮಾಡಿದ್ದು ಮನೆಯ ಯಜಮಾನರೇ. "ಅವ್ರು ನಮ್ಮ ಟವರ್ ಸಾಹೇಬ್ರು ಮಾರಾಯ. ಅವ್ರಿಗೆ ಅದೊಂದು ಅಭ್ಯಾಸ."

ಸರ್ಕಾರಿ ಟೆಲಿಫೋನ್ ಇಲಾಖೆಯಲ್ಲಿ ಅವರು ಎಂಜಿನಿಯರ್. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನ ಗುಡ್ಡಗಳ ಮೇಲಿನ ಟವರುಗಳೂ ಅವುಗಳ ಕೆಳಗಿನ ತಂತಿಗಳೂ ಅವರ ಹೊಣೆ. ಹುಟ್ಟಿದ್ದು ನರಸಿಂಹರಾಜಪುರದ ಪೇಟೆಯಲ್ಲಿ. ತಂದೆಗೆ ಕೊಡೆ, ಟಾರ್ಚು ರಿಪೇರಿಯ ಸಣ್ಣ ಅಂಗಡಿಯಿತ್ತು. "ಜನ ನನ್ನನ್ನ ಸಾಹೇಬ್ರು ಅನ್ನೋದು ಹುದ್ದೆಗೋ ಜಾತಿಗೋ ಗೊತ್ತಾಗೋದಿಲ್ಲ ಟೀಚರ್. ಎರಡಕ್ಕೂ ಇರ್ಲಿ ಅಂತ ಇಟ್ಕೊಂಡಿದೀನಿ" ಎಂದು ನಗುತ್ತಿದ್ದರು.

ಕಳೆದ ತಿಂಗಳು ಅವರು ತೀರಿಕೊಂಡರು. ಹೃದಯದ ತೊಂದರೆ ಮೊದಲೇ ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಮಣ್ಣು ಮಾಡಿ ಬಂದವರೆಲ್ಲ ಅವರ ಒಳ್ಳೆಯತನದ ಮಾತಾಡಿದರು. ನನಗೆ ಮಾತ್ರ ಅವರು ಕೊನೆಯ ಕೆಲವು ವರ್ಷ ಹೊತ್ತುಕೊಂಡು ತಿರುಗಿದ ಒಂದು ವಿಷಾದವೇ ಮುಂದೆ ಬಂದು ನಿಲ್ಲುತ್ತದೆ. ಅದು ಅವರದಾಗಬೇಕಿರಲಿಲ್ಲ. ಆದರೆ ಅವರು ಅದನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ನನಗೆ ಅವರ ಪರಿಚಯವಾದದ್ದು ನೆಮ್ಮಾರು ದಾಟಿ ಒಳಗಿರುವ ಒಂದು ಊರಿನ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತಿದ್ದಾಗ. ಶಾಲೆಯ ಲ್ಯಾಂಡ್‌ಲೈನ್ ಸತ್ತು ಬಹಳ ಕಾಲವಾಗಿತ್ತು. ಅದನ್ನು ಸರಿಮಾಡಲು ಬಂದವರು, ನಾನು ಒಂಬತ್ತನೇ ತರಗತಿಯಲ್ಲಿ ತರಂಗಗಳ ಪಾಠ ಮಾಡುತ್ತಿರುವುದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಪಾಠ ಮುಗಿದ ಮೇಲೆ, "ಟೀಚರ್, ಹತ್ತು ನಿಮಿಷ ಮಕ್ಕಳನ್ನ ನಂಗೆ ಕೊಡಿ" ಎಂದರು. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಎದುರಿನ ಗುಡ್ಡದ ಕಡೆ ಮುಖಮಾಡಿಸಿ ಕೂಗಲು ಹೇಳಿದರು. ಕೂಗು ಗುಡ್ಡಕ್ಕೆ ಬಡಿದು ತಿರುಗಿ ಬಂತು. "ಈಗ ಆ ಗುಡ್ಡದ ಆಚೆಗೆ ಒಬ್ಬ ಇದಾನೆ ಅನ್ಕೊಳ್ಳಿ. ಅವನಿಗೆ ನಿಮ್ಮ ಕೂಗು ಕೇಳ್ತದಾ?" ಇಲ್ಲ ಎಂದವು ಮಕ್ಕಳು. "ನೀವು ಫೋನ್ ಹಿಡ್ಕೊಂಡು ನಮ್ಮ ಇಲಾಖೆಗೆ ಬೈತೀರಲ್ಲ, ಅದಕ್ಕೆ ಉತ್ತರ ಇಷ್ಟೇ. ಗುಡ್ಡದ ತಲೆ ಮೇಲೆ ನಿಂತು ಎರಡೂ ಕಡೆಗೆ ಕೂಗೋನು ಒಬ್ಬ ಬೇಕು."

ಆ ಮಕ್ಕಳಲ್ಲಿ ಪೂರ್ಣಿಮಾ ಎಂಬ ಹುಡುಗಿಯಿದ್ದಳು. ಅಪ್ಪ ಕಾಫಿ ಎಸ್ಟೇಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು. ಅವಳು ಕೈ ಎತ್ತಿ, "ಆ ಒಬ್ಬ ಯಾವಾಗ ಬರ್ತಾನೆ ಸಾರ್?" ಎಂದು ಕೇಳಿದಳು. ಸಾಹೇಬರು ನಕ್ಕುಬಿಟ್ಟರು. ಆ ಪ್ರಶ್ನೆ ಅವರ ತಲೆಯಲ್ಲಿ ಉಳಿದಿತ್ತೆಂದು ಕಾಣುತ್ತದೆ, ಏಕೆಂದರೆ ಮುಂದಿನ ಸಲ ಬಂದಾಗ ಅವಳ ಹೆಸರು ನೆನಪಿಟ್ಟು ಕರೆದರು.

ಆ ಹೊತ್ತಿಗೇ ಊರಿಗೆ ಒಂದು ಖಾಸಗಿ ಕಂಪನಿಯವರು ಬಂದು ಹೋಗಲು ಶುರುಮಾಡಿದ್ದರು. ಊರಿನ ಸುತ್ತ ಇರುವುದೆಲ್ಲ ಕಾಡಿನ ಗಡಿ. ಅರಣ್ಯ ಇಲಾಖೆಯ ತಕರಾರಿಲ್ಲದೆ ಟವರ್ ಹಾಕಬಹುದಾದ ಜಾಗ ಒಂದೇ, ಶಾಲೆಯ ಹಿಂದಿನ ಗುಡ್ಡದ ನೆತ್ತಿ. ಅದು ಪಂಚಾಯಿತಿಗೆ ಸೇರಿದ್ದು. ಆಗ ಪಂಚಾಯಿತಿ ಅಧ್ಯಕ್ಷರಾಗಿದ್ದವರು ಮಂಜಪ್ಪಗೌಡರು. ನಿಧಾನವಾಗಿ ಮಾತಾಡುವ, ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳದ ಮನುಷ್ಯ. ಆ ಜಾಗವನ್ನು ಕಂಪನಿಗೆ ಕೊಡುವುದೆಂದು ಅವರು ಹೆಚ್ಚುಕಡಿಮೆ ಒಪ್ಪಿಯಾಗಿತ್ತು.

ಸುದ್ದಿ ತಿಳಿದು ಸಾಹೇಬರು ಕೊಪ್ಪದಿಂದ ಬಂದರು. ಗ್ರಾಮಸಭೆ ನಡೆದದ್ದು ನಮ್ಮ ಶಾಲೆಯಲ್ಲೇ, ನಾನೂ ಇದ್ದೆ. ಅವರು ಖಾಸಗಿಯವರನ್ನು ಬೈಯಲಿಲ್ಲ. "ಅವ್ರು ಲಾಭ ಇದ್ದಲ್ಲಿಗೆ ಬರ್ತಾರೆ. ಅದು ತಪ್ಪಲ್ಲ. ನಾವು ಮನೆ ಇದ್ದಲ್ಲಿಗೆ ಬರ್ತೀವಿ. ನಾಳೆ ನಿಮ್ಮೂರಲ್ಲಿ ಗಿರಾಕಿ ಸಾಲದು ಅಂತ ಅನಿಸಿದ್ರೆ ಅವ್ರು ಮಿಷನ್ ಬಿಚ್ಕೊಂಡು ಹೋಗ್ತಾರೆ. ನಾವು ಹೋಗೋದಿಲ್ಲ" ಎಂದರು. ಇಲಾಖೆಯ ದೊಡ್ಡ ಟೆಂಡರ್ ಆಗುವುದರಲ್ಲಿದೆ, ಇಂಟರ್ನೆಟ್ ಬರುವ ಹೊಸ ಯಂತ್ರಗಳು ರಾಜ್ಯಕ್ಕೆಲ್ಲ ಬರುತ್ತವೆ, ಈ ಊರಿನ ಹೆಸರು ಅದರಲ್ಲಿ ಸೇರಿದೆ ಎಂದರು. "ಈ ಮಳೆಗಾಲ ಒಂದು ಕಾಯಿರಿ."

ಮಂಜಪ್ಪಗೌಡರು, "ನೀವು ಹೇಳ್ತೀರಿ ಅಂದ್ರೆ ಕಾಯುವ" ಎಂದರು. ಕೆಲವರಿಗೆ ಇಷ್ಟವಿರಲಿಲ್ಲ. ಗೌಡರು ಅವರನ್ನೂ ಒಪ್ಪಿಸಿದರು. ಕಂಪನಿಯವರು ಗುಡ್ಡದ ಆಚೆಯ ಊರಿಗೆ ಹೋಗಿ ಅಲ್ಲಿ ಟವರ್ ಹಾಕಿದರು. ನಮ್ಮ ಗುಡ್ಡದ ಮೇಲೆ ಸರ್ಕಾರಿ ಟವರ್ ಎದ್ದಿತು. ಬೇರೆಲ್ಲೋ ಬಿಚ್ಚಿದ ಹಳೇ ಯಂತ್ರವೊಂದನ್ನು ತಂದು ತಾತ್ಕಾಲಿಕ ಎಂದು ಕೂಡಿಸಿದರು. ಮಾತಾಡಬಹುದಿತ್ತು. ಒಂದು ಫೋಟೋ ಕಳಿಸಬೇಕೆಂದರೂ ಆಗುತ್ತಿರಲಿಲ್ಲ.

ಆ ವರ್ಷವೇ ಇಲಾಖೆಯಲ್ಲಿ ಸ್ವಯಂ ನಿವೃತ್ತಿಯ ಯೋಜನೆ ಬಂದು, ಅವರ ಜೊತೆಯವರು ಹೆಚ್ಚಿನವರು ಮನೆಗೆ ಹೋದರು. ಕೊಪ್ಪದ ಕಚೇರಿಯಲ್ಲಿ ಕುರ್ಚಿಗಳು ಉಳಿದವು, ಕೂರುವವರು ಇಲ್ಲವಾದರು. ಅವರ ಹೆಂಡತಿಯೂ ಬಿಟ್ಟು ಬನ್ನಿ ಎಂದರಂತೆ. ಯಾಕೆ ಬಿಡಲಿಲ್ಲ ಎಂದು ನಾನು ಕೇಳಿದ್ದೆ. "ಗುಡ್ಡದ ಮೇಲೆ ಬರೀ ಕಬ್ಬಿಣ ನಿಲ್ಸಿ ಹೋಗ್ಲಿಕ್ಕೆ ಆಗ್ತದಾ ಟೀಚರ್? ಮಿಷನ್ ಕೂಡ್ಸಿ ಹೋಗ್ತೀನಿ" ಎಂದರು.

ಯಂತ್ರ ಬರಲಿಲ್ಲ.

ಆದದ್ದೇನೆಂದರೆ, ಆ ಕಾಲಕ್ಕೆ ಚೀನಾಕ್ಕೂ ಅಮೆರಿಕಾಕ್ಕೂ ವ್ಯಾಪಾರದ ಜಗಳ ಹತ್ತಿ, ಒಬ್ಬರ ಸಾಮಾನಿಗೆ ಇನ್ನೊಬ್ಬರು ಸುಂಕ ಹಾಕುವುದರಿಂದ ಶುರುವಾದದ್ದು ಟೆಲಿಫೋನ್ ಯಂತ್ರಗಳವರೆಗೂ ಬಂದಿತ್ತು. ಯಾರು ಮಾಡಿದ ಯಂತ್ರದೊಳಗೆ ಯಾರ ಕಿವಿ ಇದೆಯೋ ಎಂಬ ಅನುಮಾನ. ಅಷ್ಟರಲ್ಲಿ ನಮ್ಮ ಗಡಿಯಲ್ಲೂ ಚೀನಾದೊಂದಿಗೆ ಘರ್ಷಣೆಯಾಗಿ ಸೈನಿಕರು ಸತ್ತರು. ನಮ್ಮಲ್ಲೂ ನಿಯಮ ಬದಲಾಯಿತು. ಟೆಲಿಫೋನ್ ಯಂತ್ರವನ್ನು ಸರ್ಕಾರ ನಂಬಿಕಸ್ತರೆಂದು ಒಪ್ಪಿದವರಿಂದಲೇ ಕೊಳ್ಳಬೇಕು, ಸರ್ಕಾರಿ ಇಲಾಖೆಯಾದರೆ ನಮ್ಮ ದೇಶದಲ್ಲೇ ತಯಾರಾದದ್ದನ್ನು ಹಾಕಬೇಕು ಎಂದಾಯಿತು. ಚೀನಾದ ಯಂತ್ರಗಳಿಗೂ ಅವಕಾಶವಿದ್ದ ಆ ಟೆಂಡರ್ ರದ್ದಾಯಿತು. ನಮ್ಮ ದೇಶದಲ್ಲಿ ಆ ಯಂತ್ರ ಇನ್ನೂ ತಯಾರಾಗಬೇಕಿತ್ತು.

ಖಾಸಗಿ ಕಂಪನಿಗಳ ಟವರುಗಳು ಆಗಲೇ ನಡೆಯುತ್ತಿದ್ದವು, ಅವು ನಡೆಯುತ್ತಲೇ ಹೋದವು. ನಿಂತದ್ದು ಕಾಯುತ್ತಿದ್ದವರದ್ದು.

ಇದನ್ನು ಹೇಳಲು ಸಾಹೇಬರು ಊರಿಗೆ ತಾವೇ ಬಂದರು. ಬಾರದೆ ಇರಬಹುದಿತ್ತು, ಫೋನಿನಲ್ಲಿ ಹೇಳಿದರೂ ನಡೆಯುತ್ತಿತ್ತು. ಶಾಲೆಯ ಜಗಲಿಯಲ್ಲಿ ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ದೂರ ದೂರ ಕೂತಿದ್ದರು, ಕೊರೊನಾ ಕಾಲ. ಅವರು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ಹೇಳುವ ಭರದಲ್ಲಿ, "ಮಿಷನ್ ಏನೋ ರೆಡಿ ಇತ್ತು. ಆ ಟೆಂಡರ್ ಆಗಿದ್ರೆ ಇಷ್ಟೊತ್ತಿಗೆ ನಿಮ್ಗೆ ನೆಟ್ ಬರ್ತಿತ್ತು" ಎಂದುಬಿಟ್ಟರು.

ಹಿಂದೆ ಕೂತಿದ್ದ ಒಬ್ಬ ಯುವಕ, "ಹಂಗಾದ್ರೆ ಚೀನಾದವ್ರ ಮಿಷನ್ನೇ ಬೇಕಿತ್ತು ಅಂತೀರಾ ಸಾಬ್ರೆ? ನೀವು ಯಾರ ಕಡೆ?" ಎಂದ.

ಅವನು ಕೇಳಿದ್ದು ಯಂತ್ರದ ವಿಷಯವಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು. "ಅವ್ರು ಹೇಳಿದ್ದು ಹಂಗಲ್ಲ" ಎಂದು ನಾನೆಂದೆ. ಸಾಹೇಬರು ನನಗೆ ಬೇಡ ಎಂಬಂತೆ ಕೈ ಸನ್ನೆ ಮಾಡಿ, ಅವನ ಕಡೆಗೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಹೊರಗಿನ ಅಡಿಕೆ ಬಂದು ನಮ್ಮ ರೇಟು ಬೀಳ್ತದೆ, ಅದನ್ನ ತಡೀರಿ ಅಂತ ನೀವೆಲ್ಲ ಕೊಪ್ಪದಲ್ಲಿ ಮೆರವಣಿಗೆ ಮಾಡಿದ್ರಲ್ಲ, ನೆನಪುಂಟಾ? ನಾನು ಆಫೀಸಿನ ಬಾಗ್ಲಲ್ಲಿ ನಿಂತು ನೋಡಿದೀನಿ. ಸರಿಯಾಗೇ ಕೇಳಿದ್ರಿ. ಈ ಮಿಷನ್ದೂ ಅದೇ ಕತೆ ತಮ್ಮಾ. ನಮ್ಮಲ್ಲೇ ಆಗ್ಲಿ ಅನ್ನೋದು ಸರಿ. ನಾನು ಇಲ್ಲ ಅನ್ನೋದಿಲ್ಲ. ಆದ್ರೆ ಅಡಿಕೆ ನಿಮ್ಮ ಮನೇಲಿ ಬೆಳ್ದು ನಿಂತಿತ್ತು. ಮಿಷನ್ದು ಇನ್ನೂ ಗಿಡ ನೆಡ್ಬೇಕು. ಅದು ಫಲ ಕೊಡೋವರೆಗೆ ನೀವು ಎಂತ ಮಾಡ್ತೀರಿ ಅನ್ನೋದಷ್ಟೇ ನನ್ನ ಚಿಂತೆ."

ಸಭೆ ಮುಗಿಯಿತು. ಜೀಪು ಹತ್ತುವಾಗ ಸಾಹೇಬರು ನನ್ನ ಕಡೆ ತಿರುಗಿದರು. "ಇಷ್ಟು ವರ್ಷ ಕಂಬ ಹತ್ತಿದೀನಿ, ಮರ ಬಿದ್ದಾಗ ಮಳೇಲಿ ನಿಂತು ತಂತಿ ಕಟ್ಟಿದೀನಿ. ಯಾರ ಕಡೆ ಅಂತ ಯಾರೂ ಕೇಳಿರ್ಲಿಲ್ಲ" ಎಂದರು. ಅದರ ಮೇಲೆ ಅವರು ಆ ಮಾತನ್ನು ಎಂದೂ ಎತ್ತಲಿಲ್ಲ. ಆದರೆ ಸಭೆಗಳಲ್ಲಿ ಬಿಡಿಸಿ ಹೇಳುವ ಅವರ ಅಭ್ಯಾಸ ಅಂದಿಗೆ ಮುಗಿಯಿತು. ಯಾರಾದರೂ ಯಾವಾಗ ಬರುತ್ತದೆ ಎಂದು ಕೇಳಿದರೆ, "ಗೊತ್ತಿಲ್ಲ" ಎನ್ನತೊಡಗಿದರು. ಮಾತಿನ ಮನುಷ್ಯನ ಬಾಯಲ್ಲಿ ಆ ಪದ ಕೇಳುವುದು ಕಷ್ಟವಾಗುತ್ತಿತ್ತು.

ಕೈಕಟ್ಟಿ ಕೂರಲಿಲ್ಲ. ಶಾಲೆ ಮುಚ್ಚಿ ಪಾಠಗಳೆಲ್ಲ ಫೋನಿಗೆ ಬಂದಾಗ, ಶೃಂಗೇರಿಯ ಎಕ್ಸ್‌ಚೇಂಜಿನಿಂದ ನಮ್ಮ ಶಾಲೆಯವರೆಗೆ ಕರೆಂಟು ಕಂಬಗಳ ಮೇಲೆ ಕೇಬಲ್ ಎಳೆಸಿದರು. ಬಿಸಿಲಿರುವಷ್ಟು ದಿನ ಅದು ನಡೆಯಿತು. ಮಕ್ಕಳು ಶಾಲೆಯ ಜಗಲಿಯಲ್ಲಿ ಕೂತು ಪಾಠ ಕೇಳಿದರು. ಮಳೆ ಹಿಡಿದ ಮೇಲೆ ಇವತ್ತು ಈ ತಿರುವಿನಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ, ನಾಳೆ ಇನ್ನೊಂದು ತಿರುವಿನಲ್ಲಿ. ಮೂರು ತಾಲ್ಲೂಕಿಗೆ ಉಳಿದಿದ್ದ ಕೆಲಸದವರು ಬೆರಳೆಣಿಕೆಯಷ್ಟು. ಸಾಹೇಬರೇ ರೇನ್‌ಕೋಟು ಹಾಕಿಕೊಂಡು ಬರುತ್ತಿದ್ದರು. ಆ ವಯಸ್ಸಿನಲ್ಲಿ ಏಣಿ ಹತ್ತಬೇಡಿ ಎಂದರೆ, "ಕೆಳಗೆ ನಿಂತ್ರೆ ಜನ ಪ್ರಶ್ನೆ ಕೇಳ್ತಾರೆ. ಮೇಲೆ ಇದ್ರೆ ಕೇಳೋದಿಲ್ಲ" ಎನ್ನುವರು.

ಪೂರ್ಣಿಮಾ ಅಷ್ಟರಲ್ಲಿ ಶೃಂಗೇರಿಯಲ್ಲಿ ಪಿಯುಸಿ ಮುಗಿಸಿದ್ದಳು. ತೋಟಗಾರಿಕೆ ಓದಬೇಕೆಂದು ಅವಳ ಆಸೆ. ಪ್ರವೇಶ ಪರೀಕ್ಷೆ ಬರೆದಳು, ಒಳ್ಳೆಯ ರ‍್ಯಾಂಕ್ ಬಂತು, ಸೀಟೂ ಸಿಕ್ಕಿತು. ಸೀಟು ನನಗೆ ಬೇಕು ಎಂದು ನಿಗದಿಯಾದ ಒಂದು ದಿನದೊಳಗೆ ಆನ್‌ಲೈನಿನಲ್ಲಿ ಒಪ್ಪಿಗೆ ಕೊಡಬೇಕಿತ್ತು. ಆ ದಿನ ಗಾಳಿಮಳೆಗೆ ಕೇಬಲ್ ತುಂಡಾಗಿತ್ತು. ಗುಡ್ಡದ ನೆತ್ತಿಯ ಏಣು ಹತ್ತಿದರೆ ಆಚೆ ಊರಿನ ಖಾಸಗಿ ಟವರಿನ ಸಿಗ್ನಲ್ ಸಿಗುತ್ತಿತ್ತು. ಉಳಿದ ಮಕ್ಕಳು ಹಾಗೆ ಹೋಗುವುದಿತ್ತು. ಆದರೆ ಅಲ್ಲಿ ಕಾಡುಕೋಣಗಳ ಹಿಂಡು ಬೀಡುಬಿಟ್ಟಿದೆಯೆಂದು ಅಪ್ಪ ಬಿಡಲಿಲ್ಲ. ಮರುದಿನ ಬೆಳಿಗ್ಗೆ ರಸ್ತೆಗೆ ಬಿದ್ದ ಮರ ದಾಟಿಕೊಂಡು ಅಪ್ಪ ಮಗಳು ಶೃಂಗೇರಿಗೆ ಹೋದಾಗ ಸಮಯ ಮೀರಿತ್ತು.

ಅವಳು ನನ್ನ ಹತ್ತಿರ ಬಂದು ಅಳಲಿಲ್ಲ. "ಇನ್ನೊಂದ್ಸಲ ಬರ್ದ್ರಾಯ್ತು ಟೀಚರ್" ಎಂದಳು. ಇನ್ನೊಂದು ಸಲ ಬರೆಯುವುದರೊಳಗೆ ಮನೆಯಲ್ಲಿ ಗಂಡು ನೋಡಿದರು.

ಸಾಹೇಬರಿಗೆ ಇದನ್ನು ಹೇಳಿದ್ದು ನಾನೇ, ಮದುವೆಯ ಸುದ್ದಿ ಹೇಳುವಾಗ ಮಾತಿಗೆ ಮಾತು ಬಂದು. ಕೊಪ್ಪದ ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲಿನಲ್ಲಿ ಕೂತಿದ್ದೆವು. ಸಾಸರಿಗೆ ಸುರಿದ ಚಹಾ ಅವರು ಕುಡಿಯಲಿಲ್ಲ. "ಯಾವ ದಿನ ಅದು?" ಎಂದರು. ಹೇಳಿದೆ. "ಹೌದು. ಅವತ್ತು ನಿಮ್ಮ ಕಡೆ ಕೇಬಲ್ ಹೋಗಿದ್ದು ನಂಗೆ ಗೊತ್ತಿತ್ತು. ಬಸರೀಕಟ್ಟೆ ಕಡೇದೂ ಹೋಗಿತ್ತು. ಅಲ್ಲಿ ಆಸ್ಪತ್ರೆ ಉಂಟಲ್ಲ ಅಂತ ಮೊದಲು ಅಲ್ಲಿಗೆ ಹೋದೆ" ಎಂದರು.

"ನೀವು ಮಾಡಿದ್ದು ಸರಿ ಸಾರ್" ಎಂದೆ.

"ಸರಿಯೇ. ಆದ್ರೆ ಗುಡ್ಡ ಆ ಕಂಪನಿಯವ್ರಿಗೆ ಕೊಟ್ಟಿದ್ರೆ ಅವಳಿಗೆ ಕೇಬಲ್ಲೇ ಬೇಕಿರ್ಲಿಲ್ಲ."

ಅವರು ಹೇಳಿದ್ದು ನಿಜವಾಗಿತ್ತು. ಅವರು ಊರಿಗೆ ಮೋಸ ಮಾಡಿರಲಿಲ್ಲ ಎಂಬುದೂ ಅಷ್ಟೇ ನಿಜವಾಗಿತ್ತು. ಎರಡೂ ನಿಜವಾದರೆ ಮನುಷ್ಯ ಎಲ್ಲಿಗೆ ಹೋಗಬೇಕು?

ಸರ್ಕಾರದ ನಿಯಮದ ಮೇಲೆ ಅವರು ಕೋಪಿಸಿಕೊಂಡದ್ದನ್ನು ನಾನು ಕಾಣೆ. ನಾನೇ ಒಮ್ಮೆ ಸಿಟ್ಟಿನಲ್ಲಿ ಏನೋ ಅಂದಾಗ ನನ್ನನ್ನೇ ತಡೆದರು. "ಹಂಗಲ್ಲ ಟೀಚರ್. ಜಗಳ ಇರೋ ಮನೆಯವ್ರ ಹತ್ರ ನಮ್ಮ ಬಾಗಿಲಿಗೆ ಬೀಗ ಮಾಡಿಸ್ಬಾರ್ದು. ಅದು ಯಾರಿಗಾದ್ರೂ ಅರ್ಥ ಆಗ್ತದೆ. ನನ್ನ ದೂರು ಇಷ್ಟೇ. ಅಲ್ಲಿ ಕೂತು ನಿಯಮ ಮಾಡೋವಾಗ, ಇದ್ರಿಂದ ಯಾರು ಎಷ್ಟು ದಿನ ಹೊರಗೆ ನಿಲ್ಬೇಕಾಗ್ತದೆ ಅಂತ ಒಬ್ರಾದ್ರೂ ಕೇಳಿದ್ರಾ? ಕೇಳಿದ್ರೆ ನಂಗೂ ಹೇಳ್ತಿದ್ರು. ನಾನು ಊರಿಗೆ ಹೇಳ್ತಿದ್ದೆ."

ಅವರು ನಿವೃತ್ತರಾದ ದಿನ ಕೊಪ್ಪದ ಕಚೇರಿಯಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಫಲಕ ಕೊಟ್ಟರು. ಮಾತಾಡಿ ಎಂದರೆ ಎದ್ದು ನಿಂತು ಎಲ್ಲರಿಗೂ ಕೈ ಮುಗಿದು ಕೂತರು. ಗುಡ್ಡದ ಮೇಲಿನ ಹಳೇ ಯಂತ್ರ ಆಗಲೂ ಹಾಗೇ ಇತ್ತು.

ಅದಾಗಿ ಬಹಳ ಸಮಯದ ಮೇಲೆ, ನನಗೆ ಕೊಪ್ಪಕ್ಕೆ ವರ್ಗವಾದ ನಂತರ, ನಮ್ಮ ದೇಶದಲ್ಲೇ ಮಾಡಿದ ಯಂತ್ರ ಕೊನೆಗೂ ಬಂತು. ಊರಿನ ಗುಡ್ಡದ ಮೇಲೆ ಅದನ್ನು ಕೂಡಿಸಿ ಚಾಲೂ ಮಾಡಿದರು. ಹಳೆಯ ವಿದ್ಯಾರ್ಥಿಗಳು ನನಗೆ ವಿಡಿಯೋ ಕಳಿಸಿದರು. ನಾನು ಸಾಹೇಬರಿಗೆ ಫೋನ್ ಮಾಡಿ ಹೇಳಿದೆ. ಅವರ ದನಿಯಲ್ಲಿ ಹಳೆಯ ಉತ್ಸಾಹ ಬಂತು. "ನಮ್ಮವ್ರೇ ಮಾಡಿದ್ದು ಟೀಚರ್! ಅಷ್ಟು ದೊಡ್ಡ ದೊಡ್ಡ ದೇಶದವ್ರು ಮಾಡೋದನ್ನ ನಮ್ಮವ್ರು ಮಾಡಿದ್ರು, ಸಣ್ಣ ಮಾತಲ್ಲ ಅದು" ಎಂದರು. ಆಮೇಲೆ, "ಒಂದಿನ ರಜೆ ಇದ್ರೆ ಬರ್ತೀರಾ? ಊರಿಗೆ ಹೋಗಿ ಬರುವ" ಎಂದರು.

ಒಂದು ಶನಿವಾರ ಅವರು ನರಸಿಂಹರಾಜಪುರದಿಂದ ಬಸ್ಸಿನಲ್ಲಿ ಬಂದರು. ಬಡವಾಗಿದ್ದರು, ಅಂಗಿಯ ಹೆಗಲು ಜಾರುತ್ತಿತ್ತು. ಶೃಂಗೇರಿಯಲ್ಲಿ ಇಳಿದಾಗ ಪೂರ್ಣಿಮಾ ಎಲ್ಲಿರುತ್ತಾಳೆ ಎಂದು ಕೇಳಿದರು. ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಅವಳು ಕೆಲಸಕ್ಕಿದ್ದಳು. ನಮ್ಮನ್ನು ಕಂಡು ಖುಷಿಯಿಂದ ಎದ್ದು ಬಂದಳು.

"ಸಾರ್, ನಮ್ಮೂರಲ್ಲಿ ನೆಟ್ ಬಂತು ಗೊತ್ತುಂಟಾ? ಅಮ್ಮ ಈಗ ದಿನಾ ವಿಡಿಯೋ ಕಾಲ್ ಮಾಡ್ತಾಳೆ, ಮಗು ನೋಡ್ಲಿಕ್ಕೆ."

"ಒಳ್ಳೇದಾಯ್ತು ಮಗಾ" ಎಂದರು ಸಾಹೇಬರು. "ಓದೋದು ಮತ್ತೆ ಶುರು ಮಾಡ್ತೀಯಾ? ಈಗ ಮನೇಲಿ ಕೂತೇ ಓದ್ಬಹುದಂತೆ."

"ಈಗ ಎಂತಕ್ಕೆ ಸಾರ್" ಎಂದು ಅವಳು ನಕ್ಕಳು. ಅವಳ ನಗೆಯಲ್ಲಿ ಕಹಿಯಿರಲಿಲ್ಲ. ಗಿರಾಕಿ ಬಂದರೆಂದು ಹೋಗಿ ಸೀರೆ ಬಿಡಿಸಿ ತೋರಿಸತೊಡಗಿದಳು. ತನ್ನ ಸೀಟಿಗೂ ಈ ಮನುಷ್ಯನಿಗೂ ಸಂಬಂಧವುಂಟೆಂದು ಅವಳಿಗೆ ಎಂದೂ ಅನಿಸಿರಲಿಕ್ಕಿಲ್ಲ. ಅವರು ರಸ್ತೆಗೆ ಬಂದ ಮೇಲೂ ಒಮ್ಮೆ ತಿರುಗಿ ನೋಡಿದರು.

ಊರಿಗೆ ಆಟೋದಲ್ಲಿ ಹೋದೆವು. ಮಂಜಪ್ಪಗೌಡರು ಈಗ ಪಂಚಾಯಿತಿ ಬಿಟ್ಟು ಮನೆಯಲ್ಲೇ ಇದ್ದಾರೆ. ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. ಆ ಕಡೆ ಈ ಕಡೆಯ ಮಾತಾಯಿತು. ಆಮೇಲೆ ಸಾಹೇಬರು, "ಗೌಡ್ರೆ, ನಿಮ್ಮ ಹತ್ರ ಒಂದು ಮಾತು ಹೇಳ್ಲಿಕ್ಕೆ ಬಂದೆ. ಅವತ್ತು ನೀವು ಗುಡ್ಡ ಕಂಪನಿಗೆ ಕೊಡೋರಿದ್ರಿ. ನಾನು ಬಂದು ತಪ್ಸಿದೆ. ಅದು ತಪ್ಪಾಯ್ತು. ನನ್ನ ಕ್ಷಮಿಸ್ಬೇಕು" ಎಂದರು.

ಗೌಡರು ಗಾಬರಿಯಾದರು. "ಎಂತದು ಮಾರಾಯ್ರೆ ನೀವು ಹೇಳೋದು? ಎಲ್ಲೋ ಎರಡು ದೇಶ ಜಗಳ ಆಡಿದ್ದಕ್ಕೆ ನಿಮ್ಮ ತಪ್ಪೆಂತ ಬಂತು?"

"ಜಗಳ ಆಡಿದ್ದು ದೇಶಗಳು. ಈ ಊರಿಗೆ ಬಂದು ಕಾಯಿರಿ ಅಂದಿದ್ದು ನಾನು."

ಅಂಗಳದಲ್ಲಿ ಒಣಗಲು ಹಾಕಿದ್ದ ಕಾಳುಮೆಣಸಿಗೆ ಕೋಳಿ ಬಾಯಿ ಹಾಕುತ್ತಿದ್ದರೂ ಗೌಡರು ಓಡಿಸಲಿಲ್ಲ. ಒಳಗಿನಿಂದ ಅವರ ಮೊಮ್ಮಗಳ ಫೋನಿನಲ್ಲಿ ಯಾರೋ ಇಂಗ್ಲಿಷ್ ಪಾಠ ಹೇಳುವುದು ಕೇಳುತ್ತಿತ್ತು.

"ಹಂಗೆ ಲೆಕ್ಕ ಹಾಕಿದ್ರೆ ನಂದೂ ಉಂಟು ಸಾಹೇಬ್ರೆ" ಎಂದರು ಕೊನೆಗೆ. "ನೀವು ಕಾಯಿರಿ ಅಂದ್ರಿ. ಕಾಯೋದು ಬೇಡ ಅಂದವ್ರನ್ನ ಕೂರ್ಸಿ ಒಪ್ಸಿದ್ದು ನಾನು. ಪೂರ್ಣಿಮನ ಅಪ್ಪನೂ ಬೇಡ ಅಂದಿದ್ದ. ಇವತ್ತಿಗೂ ಅವ ಎದುರು ಬಂದ್ರೆ ನಾನು ತಲೆ ಎತ್ತಿ ಮಾತಾಡೋದಿಲ್ಲ. ನಾನು ಅದನ್ನ ಯಾರಿಗೂ ಹೇಳಿಲ್ಲ."

ಸಾಹೇಬರು ಅವರ ಮುಖ ನೋಡಿದರು. ಇಷ್ಟು ವರ್ಷ ತಮ್ಮೊಬ್ಬರದೇ ಎಂದು ಹೊತ್ತದ್ದನ್ನು ಇನ್ನೊಬ್ಬರೂ ಇದೇ ಗುಡ್ಡದ ಬುಡದಲ್ಲಿ ಹೊತ್ತು ಕೂತಿದ್ದಾರೆಂದು ಅವರಿಗೆ ಆಗಲೇ ತಿಳಿದದ್ದು. ಗೌಡರ ಮೊಣಕಾಲಿನ ಮೇಲೆ ಕೈ ಇಟ್ಟರು.

"ಏಳಿ, ಊಟ ಮಾಡುವ" ಎಂದರು ಗೌಡರು. ಸಾಹೇಬರಿಗೆ ಏಳಲು ಕಷ್ಟವಾಯಿತು. ಗೌಡರು ತೋಳು ಹಿಡಿದು ಎಬ್ಬಿಸಿದರು, ಎಬ್ಬಿಸುವಾಗ ಅವರಿಗೂ ಉಸಿರು ಹತ್ತಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಒಳಗೆ ಹೋದರು.